ಬ್ಯಾಳಿ ಮೊದಲು, ಪುಂಡಿ ಆಮೇಲೆ

ಎಳ್ಳ ಅಮಾವಾಸ್ಯೆಯ ಹಿಂದಿನ ರಾತ್ರಿ ಬಿಜ್ಜರಗಿಯಲ್ಲಿ ಬೇಗ ಮಲಗುವವರು ಕಡಿಮೆ. ಒಂದು ಮನೆಯಲ್ಲಿ ಸಜ್ಜಿ ರೊಟ್ಟಿ ಬಡಿಯುವ ಸಪ್ಪಳ ನಿಂತರೆ ಪಕ್ಕದ ಮನೆಯಲ್ಲಿ ಶುರುವಾಗುತ್ತದೆ. ರೊಟ್ಟಿಗೆ ಎಳ್ಳು ಹಚ್ಚಬೇಕು, ಜೋಳದ ಕಡಬು ಹಬೆಯಲ್ಲಿ ಬೇಯಬೇಕು, ಶೇಂಗಾ ಹೋಳಿಗೆ ಆಗಬೇಕು, ಬದನೆಕಾಯಿ ಎಣ್ಣೆಗಾಯಿಗೆ ಗುರೆಳ್ಳು ಹುರಿದು ಕುಟ್ಟಬೇಕು. ಬೆಳಗಾದರೆ ಇದೆಲ್ಲ ಬುಟ್ಟಿ ಸೇರಿ ಹೊಲಕ್ಕೆ ಹೊರಡುತ್ತದೆ. ಅಲ್ಲಿ ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡಿ, ಬೆಳೆಯ ಸುತ್ತ ಅಡುಗೆಯ ಒಂದು ಪಾಲನ್ನು ಚರಗವಾಗಿ ಚೆಲ್ಲಿ, ಆಮೇಲೆ ಎಲ್ಲರೂ ಕೂತು ಉಣ್ಣುತ್ತಾರೆ.

ನನಗೆ ಹನ್ನೊಂದು ವರ್ಷವಾಗಿದ್ದಾಗ ಆಯಿ ಪುಂಡಿ ಎಂಬ ಹುಳಿ ಸೊಪ್ಪಿನ ಪಲ್ಲೆಯನ್ನು ನನ್ನ ಪಾಲಿಗೆ ಬಿಟ್ಟಳು. ದೊಡ್ಡ ಕೆಲಸ ಸಿಕ್ಕಿತೆಂದು ನಾನು ಹಿಗ್ಗಿಹೋದೆ. ತೊಗರಿ ಬ್ಯಾಳಿ ತೊಳೆದೆ, ಪುಂಡಿ ಎಲೆ ಬಿಡಿಸಿ ತೊಳೆದೆ, ಬೇಗ ಆಗಲೆಂದು ಎರಡನ್ನೂ ಒಟ್ಟಿಗೇ ಗಡಿಗೆಗೆ ಸುರಿದು ಒಲೆಗೇರಿಸಿದೆ. ಅರ್ಧ ತಾಸಾಯಿತು, ಒಂದು ತಾಸಾಯಿತು. ಎಲೆ ಕರಗಿಹೋಯಿತು, ಬ್ಯಾಳಿ ಮಾತ್ರ ಹಲ್ಲಿಗೆ ಕಟುಂ ಅನ್ನುತ್ತಿತ್ತು. ನನಗೆ ಅಳುವೇ ಬಂತು.

ಆಯಿ ಬಂದು ಒಂದು ಕಾಳು ಬೆರಳಲ್ಲಿ ಒತ್ತಿ ನೋಡಿದಳು. "ಪುಂಡಿ ಮದಲ ಹಾಕೀದೇನು? ಹುಳಿ ಬಿದ್ದ ಮ್ಯಾಲ ಬ್ಯಾಳಿ ಹ್ಯಾಂಗ ಬೆಂದೀತವ್ವಾ" ಅಂದಳು, ಅಷ್ಟೇ. ಬಯ್ಯಲಿಲ್ಲ. ನನ್ನ ಗಡಿಗೆಯನ್ನು ಒಲೆಯ ಹಿಂದಿನ ಕೆಂಡದ ಮೇಲೆ ಸರಿಸಿ, ಇನ್ನೊಂದು ಗಡಿಗೆಯಲ್ಲಿ ಬರೀ ಬ್ಯಾಳಿ ಇಟ್ಟಳು. ಪುಂಡಿಯನ್ನು ಬೇರೆ ಪಾತ್ರೆಯಲ್ಲಿ ಒಂದು ಕುದಿ ಕುದಿಸಿ ನೀರು ಬಸಿದಳು. ಬ್ಯಾಳಿ ಮೆತ್ತಗಾದ ಮೇಲೆ ಅದಕ್ಕೆ ಜೋಳದ ನುಚ್ಚು, ಆಮೇಲೆ ಪುಂಡಿ, ಕೊನೆಗೆ ಬಳ್ಳೊಳ್ಳಿ ಒಗ್ಗರಣೆ.

ಹುಳಿಗೂ ಬ್ಯಾಳಿಗೂ ಏನು ಜಗಳ? ಆಯಿಗೆ ಅದು ಕೈಯಿಂದ ಗೊತ್ತಿತ್ತು. ನನಗೆ ಪುಸ್ತಕದಿಂದ ಗೊತ್ತಾಗಲು ಇನ್ನೂ ಹಲವು ವರ್ಷ ಬೇಕಾಯಿತು.

ನೀವು ಗೋಳಗುಮ್ಮಟ ನೋಡಿದ್ದೀರಲ್ಲ? ನಮ್ಮೂರಿಂದ ತಿಕೋಟಾ ದಾಟಿ ವಿಜಯಪುರಕ್ಕೆ ಹೋದರೆ ದೂರದಿಂದಲೇ ಕಾಣುತ್ತದೆ. 1656ರ ಹೊತ್ತಿಗೆ ಕಟ್ಟಿದ್ದು ಇವತ್ತಿಗೂ ನಿಂತಿರುವುದಕ್ಕೆ ಕಲ್ಲಿನಷ್ಟೇ ಕಾರಣ ಕಲ್ಲುಗಳ ನಡುವಿನ ಸುಣ್ಣದ ಗಾರೆ. ಒಂದು ಬ್ಯಾಳಿ ಕಾಳು ಕೂಡ ಹಾಗೇ ಕಟ್ಟಿದ ಕಟ್ಟಡ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳು ಅದರ ಕಲ್ಲುಗಳು. ಅವನ್ನು ಒಂದಕ್ಕೊಂದು ಅಂಟಿಸಿರುವ ಗಾರೆಯ ಹೆಸರು ಪೆಕ್ಟಿನ್. ಪೆಕ್ಟಿನ್ ಅಂದರೆ ಸಕ್ಕರೆಯ ಬಳಗಕ್ಕೆ ಸೇರಿದ ಪದಾರ್ಥದ ಉದ್ದನೆಯ ಸರಪಳಿ. ಬಿಸಿನೀರು ಈ ಸರಪಳಿಯನ್ನು ಅಲ್ಲಲ್ಲಿ ಕಡಿದು ಕರಗಿಸುತ್ತದೆ. ಗಾರೆ ಕರಗಿದರೆ ಗೋಡೆ ಸಡಿಲವಾಗಿ ಕಾಳು ಬೆರಳಲ್ಲಿ ನುರಿಯುತ್ತದೆ. "ಬ್ಯಾಳಿ ಬೆಂತು" ಅನ್ನುವುದು ಇದನ್ನೇ. ಆದರೆ ನೀರಿನಲ್ಲಿ ಹುಳಿ ಇದ್ದರೆ ಸರಪಳಿ ಕಡಿಯುವ ಕೆಲಸ ತೀರಾ ನಿಧಾನವಾಗುತ್ತದೆ. ಪುಂಡಿಯಲ್ಲಿ ಮ್ಯಾಲಿಕ್, ಆಕ್ಸಾಲಿಕ್ ಮೊದಲಾದ ಆಮ್ಲಗಳಿವೆ. ಹುಣಸೆಹಣ್ಣು, ಟೊಮ್ಯಾಟೊ, ಮಾವಿನಕಾಯಿ ಕೂಡ ಬ್ಯಾಳಿಗೆ ಇದನ್ನೇ ಮಾಡುತ್ತವೆ. ಸಾರಿಗೆ ಹುಣಸೆ ರಸವನ್ನು ಕೊನೆಗೆ ಹಾಕುವುದನ್ನು ಗಮನಿಸಿ.

ಗುಮ್ಮಟದ ಮಾತು ಇಲ್ಲಿಗೇ ಮುಗಿಯುವುದಿಲ್ಲ. ಸುಣ್ಣದಲ್ಲಿರುವುದು ಕ್ಯಾಲ್ಸಿಯಂ. ನಮ್ಮ ಕಡೆ ಎಷ್ಟೋ ಕೊಳವೆಬಾವಿಗಳಲ್ಲಿ ಬರುವ ಸವಳು ನೀರಿನಲ್ಲೂ ಕ್ಯಾಲ್ಸಿಯಂ, ಮೆಗ್ನೀಶಿಯಂ ಕರಗಿರುತ್ತವೆ. ಕ್ಯಾಲ್ಸಿಯಂ ಎರಡು ಪೆಕ್ಟಿನ್ ಸರಪಳಿಗಳ ನಡುವೆ ಕೊಂಡಿಯಾಗಿ ಕೂತು ಅವನ್ನು ಬಿಗಿಯುತ್ತದೆ. ಅದಕ್ಕೇ ಬ್ಯಾಳಿಗೆ ಸಿಹಿನೀರು ಬೇಕು, ಸವಳು ನೀರಿನಲ್ಲಿ ಅದು ಬೇಯುವುದಿಲ್ಲ ಅನ್ನುತ್ತಾರೆ. ಒಂದು ಕೊಡ ಸಿಹಿನೀರಿಗಾಗಿ ದೂರ ನಡೆದ ಹೆಂಗಸರು ಈ ಸೀಮೆಯಲ್ಲಿ ಎಷ್ಟೋ ಮಂದಿ. ಆ ನಡಿಗೆಯಲ್ಲಿ ಬ್ಯಾಳಿಯ ಪಾಲೂ ಇತ್ತು ಎಂದು ನೆನೆದರೆ ನನಗೆ ಈಗಲೂ ಮನಸ್ಸು ಭಾರವಾಗುತ್ತದೆ. ಕ್ಯಾಲ್ಸಿಯಂನ ಈ ಬಿಗಿಯುವ ಗುಣವನ್ನೇ ಆಗ್ರಾದ ಪೇಠಾ ಸಿಹಿತಿಂಡಿ ಮಾಡುವವರು ಉಪಯೋಗಕ್ಕೆ ತಂದುಕೊಂಡಿದ್ದಾರೆ. ಬೂದುಗುಂಬಳದ ಹೋಳನ್ನು ಸುಣ್ಣದ ನೀರಿನಲ್ಲಿ ನೆನೆಸಿದರೆ ಪಾಕದಲ್ಲಿ ಎಷ್ಟು ಕುದಿಸಿದರೂ ಅದು ಮುದ್ದೆಯಾಗುವುದಿಲ್ಲ. ಕೆಲವರು ಬ್ಯಾಳಿಗೆ ಚಿಟಿಕೆ ಅಡುಗೆ ಸೋಡಾ ಹಾಕುತ್ತಾರೆ. ಸೋಡಾ ಹುಳಿಗೆ ವಿರುದ್ಧವಾದ ಕ್ಷಾರ, ಹಾಗಾಗಿ ಬ್ಯಾಳಿ ಬೇಗ ಬೇಯುತ್ತದೆ. ಆದರೆ ಬಿ1 ಜೀವಸತ್ವ ಅದರಿಂದ ಹಾಳಾಗುತ್ತದೆ. ನನಗೆ ಆ ದಾರಿ ಇಷ್ಟವಿಲ್ಲ. ಬ್ಯಾಳಿಯನ್ನು ಮೊದಲೇ ನೆನೆಹಾಕಿದರೆ ಸಾಕು.

ನಂಬಿಕೆ ಬರದಿದ್ದರೆ ಮಾಡಿ ನೋಡಿ. ಮನೆಯ ದೊಡ್ಡವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸಣ್ಣ ಪಾತ್ರೆಗಳಲ್ಲಿ ಎರಡೆರಡು ಚಮಚ ಬ್ಯಾಳಿ, ಒಂದೇ ಅಳತೆಯ ನೀರು ಹಾಕಿ. ಒಂದಕ್ಕೆ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು. ಎರಡನ್ನೂ ಒಂದೇ ಹೊತ್ತು ಕುದಿಸಿ, ಆರಿದ ಮೇಲೆ ಒಂದೊಂದು ಕಾಳು ಬೆರಳಲ್ಲಿ ಒತ್ತಿ. ಪುಸ್ತಕಕ್ಕಿಂತ ಬೆರಳು ಚೆನ್ನಾಗಿ ಕಲಿಸುತ್ತದೆ.

ಆ ರಾತ್ರಿ ನಾನು ನೋಡಿದ ಇನ್ನೊಂದು ಸಂಗತಿ ಬಣ್ಣ. ಪುಂಡಿ ಎಲೆ ಕುದಿನೀರಿಗೆ ಬಿದ್ದ ಸ್ವಲ್ಪ ಹೊತ್ತಿಗೇ ಹಸಿರು ಬಿಟ್ಟು ಖಾಕಿಗೆ ತಿರುಗಿತು. ಪಕ್ಕದ ಬಾಣಲೆಯ ಮೆಂತೆ ಮಾತ್ರ ಹಸಿರಾಗಿಯೇ ಇತ್ತು. ಎಲೆಗೆ ಹಸಿರು ಕೊಡುವುದು ಪತ್ರಹರಿತ್ತು. 1817ರಲ್ಲಿ ಪ್ಯಾರಿಸ್ಸಿನ ಪೆಲೆಟಿಯೆ ಮತ್ತು ಕವಾಂತು ಎಂಬ ಇಬ್ಬರು ಔಷಧ ತಜ್ಞರು ಅದನ್ನು ಎಲೆಯಿಂದ ಬೇರ್ಪಡಿಸಿದರು. ಅದರ ರಚನೆಯನ್ನು ಬಿಡಿಸುತ್ತ ಹೋದ ರಿಚರ್ಡ್ ವಿಲ್‌ಸ್ಟೆಟರ್‌ಗೆ 1915ರ ರಸಾಯನಶಾಸ್ತ್ರ ನೊಬೆಲ್ ಬಂತು. ಈ ಪತ್ರಹರಿತ್ತಿನ ಮುಖ್ಯ ಬಗೆಯ ಒಂದು ಅಣುವಿನಲ್ಲಿ 137 ಪರಮಾಣುಗಳಿವೆ. ಅದರಲ್ಲಿ ಮೆಗ್ನೀಶಿಯಂ ಒಂದೇ ಒಂದು. ಉಂಗುರದ ನಡುವಿನ ಹರಳಿನಂತೆ ಅದು ಕೂತಿರುತ್ತದೆ. ಬಿಸಿ ಮತ್ತು ಹುಳಿ ಸೇರಿದರೆ ಆ ಹರಳು ಕಳಚಿಬೀಳುತ್ತದೆ, ಆ ಜಾಗಕ್ಕೆ ಎರಡು ಜಲಜನಕ ಬಂದು ಕೂರುತ್ತವೆ. ಅಷ್ಟರಿಂದಲೇ ಕಡುಹಸಿರು ಹೋಗಿ ಖಾಕಿ ಬರುತ್ತದೆ. ಮೆಂತೆಯಲ್ಲಿ ಅಷ್ಟು ಹುಳಿ ಇಲ್ಲದ್ದರಿಂದ ಅದರ ಹರಳು ಹೆಚ್ಚು ಹೊತ್ತು ಉಳಿಯಿತು.

ಗಿಡಕ್ಕೆ ಈ ಹುಳಿ ಯಾಕೆ ಬೇಕು? ಉತ್ತರಕ್ಕೆ ಮರುದಿನ ಹೊಲಕ್ಕೇ ಬನ್ನಿ. ಡಿಸೆಂಬರ್ ಆಸುಪಾಸಿನ ಆ ದಿನಗಳಲ್ಲಿ ನಮ್ಮ ಎರೆಹೊಲದಲ್ಲಿ ಬಿಳಿಜೋಳ, ಕಡ್ಲಿ, ಕುಸುಬಿ ನಿಂತಿರುತ್ತವೆ. ಮಳೆ ನಿಂತು ಬಹಳ ದಿನವಾಗಿದ್ದರೂ ಕರಿಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆಯುತ್ತವೆ. ಇಬ್ಬನಿ ಆರುವ ಮೊದಲು ಕಡ್ಲಿ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಕಾಲು ಚುರುಗುಟ್ಟುತ್ತದೆ. ಎಲೆ ಮುಟ್ಟಿ ಬೆರಳು ನೆಕ್ಕಿದರೆ ಹುಳಿ! ಕಡ್ಲಿ ಗಿಡದ ಮೈತುಂಬ ನವಿರಾದ ಕೂದಲುಗಳಿವೆ, ಅವುಗಳ ತುದಿಯಲ್ಲಿ ಹುಳಿಯ ಹನಿ. ಅದರಲ್ಲಿರುವುದೂ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳೇ. ಮ್ಯಾಲಿಕ್ ಆಮ್ಲವನ್ನು 1785ರಲ್ಲಿ ಕಾರ್ಲ್ ಶೀಲೆ ಎಂಬಾತ ಮೊದಲು ಬೇರ್ಪಡಿಸಿದ್ದು ಸೇಬಿನ ರಸದಿಂದ. ಸೇಬಿನ ಹುಳಿಯೇ ನಮ್ಮ ಕಡ್ಲಿ ಹೊಲದಲ್ಲೂ ಇದೆ! ಆಕ್ಸಾಲಿಕ್ ಆಮ್ಲ ಕಾಯಿಕೊರಕ ಹುಳುವಿನ ಮರಿಗಳ ಬೆಳವಣಿಗೆಯನ್ನು ಕುಂಠಿಸುತ್ತದೆ. ಓಡಿಹೋಗಲು ಕಾಲಿಲ್ಲದ ಗಿಡಕ್ಕೆ ಅದೇ ಕಾವಲು. ಹಿಂದಿನವರು ರಾತ್ರಿ ಕಡ್ಲಿ ಬೆಳೆಯ ಮೇಲೆ ತೆಳು ಬಟ್ಟೆ ಹಾಸಿ, ಬೆಳಿಗ್ಗೆ ಇಬ್ಬನಿಯೊಡನೆ ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿನ ಮನೆಮದ್ದಿಗೆ ಇಟ್ಟುಕೊಳ್ಳುತ್ತಿದ್ದರು.

ಪುಂಡಿಯ ನೀರನ್ನು ಆಯಿ ಬಸಿದು ಚೆಲ್ಲಿದ್ದೂ ಈ ಆಮ್ಲದ ಕಾರಣಕ್ಕೇ. ಆಮ್ಲ ನೀರಿನಲ್ಲಿ ಕರಗುತ್ತದೆ, ನೀರು ಹೋದರೆ ಅದರ ಜೊತೆ ಹುಳಿಯಲ್ಲಿ ಒಂದು ಪಾಲು ಹೋಗುತ್ತದೆ.

ಇನ್ನು ನನ್ನ ಆ ಕೆಟ್ಟ ಗಡಿಗೆ. ಬೆಳಿಗ್ಗೆ ಎದ್ದವಳೇ ಅದನ್ನು ಕದ್ದು ಚೆಲ್ಲಿಬಿಡೋಣ ಎಂದು ಒಲೆಯ ಹತ್ತಿರ ಹೋದೆ. ಕೆಂಡ ಇನ್ನೂ ಬೆಚ್ಚಗಿತ್ತು. ಮುಚ್ಚಳ ತೆಗೆದು ಒಂದು ಕಾಳು ಒತ್ತಿದೆ. ಮೆತ್ತಗೆ ನುರಿಯಿತು! ಹುಳಿ ಬ್ಯಾಳಿಯನ್ನು ತಡೆದಿತ್ತು, ನಿಲ್ಲಿಸಿರಲಿಲ್ಲ. ರಾತ್ರಿಯೆಲ್ಲ ಸಿಕ್ಕ ಬಿಸಿಯಲ್ಲಿ ಗಾರೆ ಮೆಲ್ಲಗೆ ಕರಗಿತ್ತು. ಆಯಿ ಅದಕ್ಕೂ ಒಗ್ಗರಣೆ ಕೊಟ್ಟು ಬುಟ್ಟಿಯಲ್ಲಿಟ್ಟಳು. ಹೊಲದಲ್ಲಿ ಚರಗ ಮುಗಿಸಿ ಉಣ್ಣಲು ಕೂತಾಗ ಎರಡೂ ಗಡಿಗೆ ಬಿಚ್ಚಿದೆವು. ನೀರು ಬಸಿಯದ ನನ್ನ ಪಲ್ಲೆ ಹಲ್ಲು ಚಳಿಯುವಷ್ಟು ಹುಳಿಯಾಗಿತ್ತು. ಸೋದರಮಾವ ಸಜ್ಜಿ ರೊಟ್ಟಿಯ ತುಣುಕಲ್ಲಿ ಒಂದು ತುತ್ತು ತಿಂದು ಒಂದು ಕಣ್ಣು ಮುಚ್ಚಿದ, ಆಮೇಲೆ ರೊಟ್ಟಿ ಮುಂದೆ ಚಾಚಿ ಇನ್ನೊಂದು ಸಲ ಹಾಕಿಸಿಕೊಂಡ.