ನಾರ್ತಾಂಪ್ಟನ್ನಿಗೆ ಬಂದ ಅರಸರು



ಮಧ್ಯಯುಗದ ಇಂಗ್ಲೆಂಡಿನಲ್ಲಿ ದೊರೆಯು ಬೀಡುಬಿಟ್ಟ ಎಡೆಯೇ ರಾಜಧಾನಿ. ಲಿಪಿಕಾರರು, ಮುದ್ರಾಧಿಕಾರಿಗಳು, ಪುರೋಹಿತರು, ಬೇಟೆಗಾರರು ಇವರಿಂದೊಡಗೂಡಿದ ಆಸ್ಥಾನವು ಊರಿಂದೂರಿಗೆ ಸಾಗುತ್ತಿದ್ದಿತು. ಏಕೆಂದರೆ ಅಷ್ಟು ದೊಡ್ಡ ಪರಿವಾರವನ್ನು ಒಂದೇ ಪ್ರಾಂತ್ಯವು ಬಹುಕಾಲ ಸಾಕಲಾರದಾಗಿದ್ದಿತು. ಅದಲ್ಲದೆ, ಕಣ್ಣಿಗೆ ಕಾಣದ ಅರಸನ ಆಜ್ಞೆಗೆ ಪ್ರಜೆಗಳು ತಲೆಬಾಗುವುದೂ ಅಪರೂಪವಾಗಿದ್ದಿತು. ಅಂಥ ಸಂಚಾರದಲ್ಲಿ ಮೂರು ಶತಮಾನಗಳಿಗೂ ಮಿಗಿಲಾಗಿ ಅರಸರನ್ನು ಬರಮಾಡಿಕೊಂಡ ಊರು ನಾರ್ತಾಂಪ್ಟನ್.

ಲಂಡನ್ನಿನಿಂದ ವಾಯವ್ಯಕ್ಕೆ 60 ಮೈಲಿಗಳಿಗೂ ಮಿಗಿಲಾದ ದೂರದಲ್ಲಿ, ನೆನ್ ನದಿಯ ದಡದಲ್ಲಿ, ದೇಶದ ನಡುಮಧ್ಯದಲ್ಲಿರುವ ಈ ಪಟ್ಟಣವು ತನ್ನ ಹೆಸರಿನ ಕೌಂಟಿಗೆ ಮುಖ್ಯಸ್ಥಳ. ಉತ್ತರದ ಸಾಮಂತರಿಗೂ ದಕ್ಷಿಣದ ಬಿಷಪ್ಪರಿಗೂ ಸಮಾನವಾಗಿ ಸುಗಮ; ಸುತ್ತಲೂ ರಾಜಮೃಗಯೆಗೆ ಮೀಸಲಾದ ಅರಣ್ಯಗಳು. ಹನ್ನೊಂದನೆಯ ಶತಮಾನದ ಅಂತ್ಯಭಾಗದಲ್ಲಿ ಸಾಮಂತ ಸೈಮನ್ ಡಿ ಸೆನ್‌ಲಿಸ್ ಇಲ್ಲಿ ಕಟ್ಟಿಸಿದ ಕೋಟೆಯು ಬೇಗನೆ ಅರಸರ ಕೈಸೇರಿತು. 1131ರಲ್ಲಿ ಒಂದನೆಯ ಹೆನ್ರಿಯು ಇಲ್ಲಿಯೇ ಮಹಾಸಭೆಯನ್ನು ನೆರೆಯಿಸಿ, ತನ್ನ ಮಗಳು ಮಟಿಲ್ಡಾಳೇ ಉತ್ತರಾಧಿಕಾರಿಣಿಯೆಂದು ಸಾಮಂತರಿಂದ ಮತ್ತೆ ಪ್ರತಿಜ್ಞೆ ಮಾಡಿಸಿಕೊಂಡನು. ಅವನು ಗತಿಸಿದೊಡನೆಯೇ ಅವರಲ್ಲನೇಕರು ಆ ಪ್ರತಿಜ್ಞೆಯನ್ನು ಮುರಿದರು.

ಆದರೆ ಈ ಕೋಟೆಯನ್ನು ಚರಿತ್ರೆಯಲ್ಲಿ ಚಿರಸ್ಥಾಯಿಯಾಗಿಸಿದುದು 1164ರ ಅಕ್ಟೋಬರ್ ತಿಂಗಳ ವಿಚಾರಣೆ. ಒಂದು ಕಾಲಕ್ಕೆ ಎರಡನೆಯ ಹೆನ್ರಿಯ ಪ್ರಾಣಸ್ನೇಹಿತನಾಗಿ, ಆಮೇಲೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾದ ಥಾಮಸ್ ಬೆಕೆಟ್, ಚರ್ಚಿನ ಹಕ್ಕುಗಳ ವಿಷಯದಲ್ಲಿ ದೊರೆಗೆ ಎದುರಾಗಿ ನಿಂತಿದ್ದನು. ಹಿಂದೆ ತಾನು ಚಾನ್ಸೆಲರನಾಗಿದ್ದಾಗಿನ ಲೆಕ್ಕಗಳನ್ನೆಲ್ಲ ಒಪ್ಪಿಸಬೇಕೆಂಬ ಆಜ್ಞೆಯಾದಾಗ, ತನ್ನ ಶಿಲುಬೆಯನ್ನು ತಾನೇ ಕೈಯಲ್ಲಿ ಹಿಡಿದು ಕೋಟೆಯೊಳಹೊಕ್ಕ ಆ ಧರ್ಮಾಧಿಕಾರಿಯು, ತನ್ನ ಮೇಲೆ ತೀರ್ಪು ಹೇಳುವ ಅಧಿಕಾರ ಆ ಸಭೆಗಿಲ್ಲವೆಂದು ಸಾರಿ ಹೊರನಡೆದು, ಅಂದಿನ ರಾತ್ರಿಯೇ ಊರನ್ನು ತೊರೆದು, ಕೊನೆಗೆ ಫ್ರಾನ್ಸನ್ನು ಸೇರಿದನು. ಆರು ವರ್ಷಗಳ ತರುವಾಯ ತನ್ನ ಚರ್ಚಿನೊಳಗೇ ಅವನು ಹತನಾದುದು ಲೋಕವಿದಿತ.

ಅದೇ ಹೆನ್ರಿಯು 1176ರಲ್ಲಿ ಅದೇ ಊರಿನಿಂದ ಹೊರಡಿಸಿದ ಶಾಸನವು, ದೇಶವನ್ನು ಆರು ಸಂಚಾರಮಂಡಲಗಳಾಗಿ ವಿಭಾಗಿಸಿ ಒಂದೊಂದಕ್ಕೆ ಮೂವರು ನ್ಯಾಯಾಧೀಶರನ್ನು ನೇಮಿಸಿತು. ಅರಸನಂತೆ ನ್ಯಾಯವೂ ಊರೂರಿಗೆ ನಡೆದುಬರಬೇಕೆಂಬ ಈ ಏರ್ಪಾಡು ಇಂಗ್ಲೆಂಡಿನ ಸಾಮಾನ್ಯ ಕಾನೂನಿನ ಬೆಳೆವಣಿಗೆಗೆ ಆಧಾರವಾದ ಕಾರ್ಯಗಳಲ್ಲೊಂದು. 1189ರಲ್ಲಿ ಒಂದನೆಯ ರಿಚರ್ಡನು ಪುರಜನರಿಗೆ ಸನ್ನದನ್ನಿತ್ತನು. 1215ರ ವಸಂತದಲ್ಲಿ ಜಾನ್ ದೊರೆಯ ಮೇಲೆ ತಿರುಗಿಬಿದ್ದ ಸಾಮಂತರು ಮೊಟ್ಟಮೊದಲು ಮುತ್ತಿದುದು ಈ ಕೋಟೆಯನ್ನೇ. ಮುತ್ತಿಗೆಯ ಯಂತ್ರಗಳಿಲ್ಲದೆ ಅವರಿಲ್ಲಿ ಸೋತರೂ, ಲಂಡನ್ ಅವರಿಗೆ ಬಾಗಿಲು ತೆರೆಯಿತು. ಜೂನ್ ತಿಂಗಳಲ್ಲಿ, ಅರಸನ ಅಧಿಕಾರಕ್ಕೆ ಎಲ್ಲೆ ಹಾಕಿದ ಸನ್ನದಾದ ಮ್ಯಾಗ್ನಾ ಕಾರ್ಟಾ ಹುಟ್ಟಿತು. 1264ರಲ್ಲಿ ಮೂರನೆಯ ಹೆನ್ರಿಯು ತನ್ನ ಮೇಲೆ ದಂಗೆಯೆದ್ದ ಸಾಮಂತ ಸೈಮನ್ ಡಿ ಮಾಂಟ್‌ಫರ್ಟನ ಪಕ್ಷದವರಿಂದ ಪಟ್ಟಣವನ್ನು ಗೆದ್ದುಕೊಂಡನು. ಮರುವರ್ಷ ಇಲ್ಲಿ ಚಿಗುರುತ್ತಿದ್ದ ವಿಶ್ವವಿದ್ಯಾಲಯವನ್ನು ಅವನೇ ಮುಚ್ಚಿಸಿದನು.

1290ರಲ್ಲಿ ಒಂದನೆಯ ಎಡ್ವರ್ಡನ ರಾಣಿ ಎಲಿನರ್ ತೀರಿಕೊಂಡಾಗ, ಅವಳ ದೇಹವನ್ನು ವೆಸ್ಟ್‌ಮಿನ್‌ಸ್ಟರಿಗೆ ಒಯ್ದ ದಾರಿಯ ಬೀಡುಗಳಲ್ಲಿ ಅವನು ನಿಲ್ಲಿಸಿದ 12 ಶಿಲುಬೆಸ್ತಂಭಗಳಲ್ಲಿ ಉಳಿದಿರುವವು ಮೂರೇ. ಅವುಗಳಲ್ಲೊಂದು ಈ ಊರಿನ ಅಂಚಿನ ಹಾರ್ಡಿಂಗ್‌ಸ್ಟನ್ನಿನಲ್ಲಿದೆ. 1380ರಲ್ಲಿ ಎರಡನೆಯ ರಿಚರ್ಡನ ಪಾರ್ಲಿಮೆಂಟು ಇಲ್ಲಿ ಕೂಡಿ ತಲೆಗಂದಾಯವನ್ನು ವಿಧಿಸಿತು. ಮರುವರ್ಷವೇ ರೈತರ ದಂಗೆ ಭುಗಿಲೆದ್ದಿತು. ಕಡೆಗೆ 1460ರ ಜುಲೈ 10ರಂದು, ಆ ಶಿಲುಬೆಸ್ತಂಭಕ್ಕೆ ಅನತಿದೂರದ ಬಯಲಿನಲ್ಲಿ ನಡೆದ ಕಾಳಗದಲ್ಲಿ, ಮಳೆಯಿಂದ ತೋಪುಗಳು ನಿರುಪಯುಕ್ತವಾಗಿ, ನಂಬಿದವನೇ ದ್ರೋಹವೆಸಗಿ, ಆರನೆಯ ಹೆನ್ರಿಯು ತನ್ನ ಡೇರೆಯಲ್ಲೇ ಸೆರೆಯಾದನು.

1662ರಲ್ಲಿ ಎರಡನೆಯ ಚಾರ್ಲ್ಸನ ಆಜ್ಞೆಯಿಂದ ಕೋಟೆಯನ್ನು ಕೆಡವಿದರು; ಉಳಿದುದನ್ನು ಹತ್ತೊಂಬತ್ತನೆಯ ಶತಮಾನದ ರೈಲುನಿಲ್ದಾಣವು ನುಂಗಿತು. ಆದರೂ ಈ ಊರಿನ ಚರಿತ್ರೆಯು ನಮಗೆ ತಿಳಿಸುವ ಸಂಗತಿ ಒಂದಿದೆ: ತನ್ನ ಇಚ್ಛೆಯನ್ನು ನಡೆಯಿಸಲೆಂದು ಇಲ್ಲಿಗೆ ಬಂದ ಅರಸನಿಗೆ ಒಮ್ಮೆ ಬಿಷಪ್ಪನು, ಒಮ್ಮೆ ಸಾಮಂತರು ಎದುರುನುಡಿದರು, ಇಲ್ಲಿ ವಿಧಿಸಿದ ಕಂದಾಯವನ್ನು ರೈತರು ಕೊಡಲೊಪ್ಪದೆ ಸಿಡಿದೆದ್ದರು. ಹೀಗೆ ಪದೇ ಪದೇ ತಡೆಯುಂಟಾದುದರಿಂದಲೇ, ಪ್ರಜಾಸಮ್ಮತಿಯಿಲ್ಲದ ಆಜ್ಞೆ ಬಹುಕಾಲ ನಿಲ್ಲಲಾರದೆಂಬುದನ್ನು ಆ ರಾಜ್ಯವು ನಿಧಾನವಾಗಿ, ನೋವನ್ನುಂಡೇ, ಕಲಿತುಕೊಂಡಿತು.