ಸಂಶೋಧನಾ ರಜೆ ಬಿಡುವಿನ ರಜೆಯಲ್ಲ

(ಹೊಸಪೇಟೆಯ ಶೈಕ್ಷಣಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಂಪಿಯ ಅವಶೇಷಗಳ ನಡುವೆ ಅಹ್ಮದ್ ಖಾನ್ ಎಂಬ ಅಧಿಕಾರಿ 1439ರಲ್ಲಿ ಕಟ್ಟಿಸಿದ ಮಸೀದಿಯೊಂದಿದೆ. ಅದರ ಕಂಬಗಳು ದೇವಾಲಯದ ಮಂಟಪದ ಕಂಬಗಳಂತಿವೆ. ಅಲ್ಲಿನ ಕನ್ನಡ ಶಾಸನವು ಅದನ್ನು ಧರ್ಮಶಾಲೆಯೆಂದು ಕರೆದು, ದೊರೆ ಎರಡನೆಯ ದೇವರಾಯನ ಪುಣ್ಯಾರ್ಥವಾಗಿ ಕಟ್ಟಿಸಿದ್ದೆಂದು ಹೇಳುತ್ತದೆ. ಅರ್ಧ ಗಂಟೆಯ ದಾರಿಯಲ್ಲಿರುವ ಈ ಕಟ್ಟಡವನ್ನು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ?

ಜಾನ್ ಫ್ರಿಟ್ಸ್ ಮತ್ತು ಜಾರ್ಜ್ ಮಿಶೆಲ್ 1980ರಿಂದ ಸುಮಾರು ಎರಡು ದಶಕ, ರಾಜ್ಯದ ಪುರಾತತ್ವ ಇಲಾಖೆಯ ಜೊತೆಗೂಡಿ ಹಂಪಿಯ ಕಟ್ಟಡಗಳನ್ನು ಅಳೆದು ದಾಖಲಿಸಿದರು. ಅವರು ನಮ್ಮವರಿಗಿಂತ ಬುದ್ಧಿವಂತರೆಂದಲ್ಲ. ಅವರಿಗೆ ಕಾಲಾವಕಾಶವಿತ್ತು.

ನಮ್ಮ ಕಾಲೇಜು ಅಧ್ಯಾಪಕರ ಸ್ಥಿತಿ ನೋಡಿ. ಯುಜಿಸಿಯ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕನಿಗೆ ವಾರಕ್ಕೆ 16 ಗಂಟೆಗಳ ಬೋಧನೆ. ಅದರ ಮೇಲೆ ಮೌಲ್ಯಮಾಪನ, ಚುನಾವಣಾ ಕರ್ತವ್ಯ. ಅದೇ ನಿಯಮಾವಳಿಯಲ್ಲಿ ಮೂರು ವರ್ಷ ಸೇವೆ ಸಲ್ಲಿಸಿದವರಿಗೆ ಅಧ್ಯಯನ ರಜೆಯೂ, ಸಹ ಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕರಾಗಿ ಏಳು ವರ್ಷ ಪೂರೈಸಿದವರಿಗೆ ಪೂರ್ಣ ವೇತನದ ಸಂಶೋಧನಾ ರಜೆಯೂ ಇದೆ. ಎರಡನೆಯದು ಒಮ್ಮೆಗೆ ಒಂದು ವರ್ಷ, ಇಡೀ ಸೇವೆಯಲ್ಲಿ ಎರಡು ವರ್ಷ. ಆದರೆ ನಿಯಮ ಹೇಳುವುದು 'ನೀಡಬಹುದು' ಎಂದು. ಆ 'ಬಹುದು' ಎಂಬಲ್ಲಿಯೇ ಎಷ್ಟೋ ಅರ್ಜಿಗಳು ಸಿಕ್ಕಿಕೊಳ್ಳುತ್ತವೆ. ರಜೆ ಕೊಟ್ಟರೆ ಪಾಠ ಮಾಡುವವರು ಯಾರೆಂಬ ಆಡಳಿತ ಮಂಡಳಿಯ ಪ್ರಶ್ನೆ ಸುಳ್ಳಲ್ಲ. ಹಿಂದೆ ಯುಜಿಸಿಯ ಅಧ್ಯಾಪಕ ಫೆಲೋಶಿಪ್ ಯೋಜನೆಯಲ್ಲಿ ಬದಲಿ ಅಧ್ಯಾಪಕನ ಸಂಬಳವನ್ನೂ ಯುಜಿಸಿಯೇ ಭರಿಸುತ್ತಿತ್ತು. ಆ ಏರ್ಪಾಡು ವಿವೇಕದ್ದಾಗಿತ್ತು.

ಇದು ಇತಿಹಾಸಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಸಂಡೂರಿನ ಅದಿರಿನ ಕೆಂಧೂಳು ಬೆಳೆಗೆ ಏನು ಮಾಡುತ್ತದೆಂದು ತಿಳಿಯಬೇಕಾದ ಸಸ್ಯಶಾಸ್ತ್ರಜ್ಞ ಬಿತ್ತನೆಯಿಂದ ಕಟಾವಿನವರೆಗೆ ಹೊಲದಲ್ಲಿರಬೇಕು. ಬೇಸಿಗೆ ರಜೆಯಲ್ಲಿ ಹೋದರೆ ಆತನಿಗೆ ಕಾಣುವುದು ಬರಿಯ ಕೂಳೆ. ಕಂಪ್ಲಿ ಸೀಮೆಯ ಕಾಲುವೆ ನೀರಿನ ಹಂಚಿಕೆಯನ್ನು ಅರಿಯಬಯಸುವ ಅರ್ಥಶಾಸ್ತ್ರಜ್ಞನ ಪಾಡೂ ಅದೇ.

1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಸಂಶೋಧನೆಯನ್ನೇ ಮುಖ್ಯ ಕೆಲಸವನ್ನಾಗಿ ಇರಿಸಿಕೊಂಡಿತು. ಅಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು ಊರೂರು ತಿರುಗಿ 'ಕರ್ನಾಟಕದ ಸೂಫಿಗಳು' ಬರೆದರು. ಅಂಥ ಕೃತಿ ಎರಡು ತರಗತಿಗಳ ನಡುವಿನ ಬಿಡುವಿನಲ್ಲಿ ಹುಟ್ಟುವುದಿಲ್ಲ.

ಅಲ್ಪಸಂಖ್ಯಾತ ಸಂಶೋಧನಾರ್ಥಿಗಳಿಗಾಗಿ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ಅದನ್ನು ಪ್ರಶ್ನಿಸೋಣ. ಜೊತೆಗೆ ನಮ್ಮ ಮನೆಯೊಳಗೂ ನೋಡೋಣ. ನನಗೆ ಪರಿಚಯದ ಉಪನ್ಯಾಸಕಿಯೊಬ್ಬರಿಗೆ ಅಧ್ಯಯನ ರಜೆ ಮಂಜೂರಾಗಿತ್ತು. ಮರುದಿನದಿಂದಲೇ ಮನೆಯವರು, "ಹೇಗೂ ಮನೆಯಲ್ಲೇ ಇರುತ್ತೀಯಲ್ಲ" ಎಂದು ಅಡುಗೆ, ಅತಿಥಿಗಳು, ನಾದಿನಿಯ ಬಾಣಂತನ ಎಲ್ಲವನ್ನೂ ಅವರ ಹೆಗಲಿಗೇರಿಸಿದರು. ಆರು ತಿಂಗಳಲ್ಲಿ ಅವರು ಒಂದು ಅಧ್ಯಾಯವನ್ನೂ ಬರೆಯಲಾಗಲಿಲ್ಲ. ರಜೆ ರದ್ದುಪಡಿಸಿಕೊಂಡು ಕಾಲೇಜಿಗೆ ಮರಳಿದರು. ಅಲ್ಲಿ ಕನಿಷ್ಠ ಗ್ರಂಥಾಲಯದಲ್ಲಿ ಒಂದು ಗಂಟೆ ಸಿಗುತ್ತದೆ ಎಂದರು.