ಬಚ್ಚಲಿನ ಕಲ್ಲುಕಟ್ಟೆ



ಇವತ್ತು ನಾವೆಲ್ಲ ಬಚ್ಚಲುಮನೆಯ ಬಗ್ಗೆ ಮಾತಾಡುವ. ಅದು ನಾವು ದಿನಾ ಮೀಯುವ ಜಾಗ. ಅಜ್ಜ ಅಜ್ಜಿ ಜಾರಿ ಬೀಳುವ ಭಯ ಇರುವುದೂ ಅಲ್ಲಿಯೇ. ವಯಸ್ಸಾದವರು ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಮತ್ತೆ ಎದ್ದು ನಡೆಯುವುದು ಬಹಳ ಕಷ್ಟ.

ಹಿಂದೆ ಹಂಡೆಯಲ್ಲಿ ಬಿಸಿನೀರು ಇತ್ತು. ಕೂರಲು ಮಣೆ ಇತ್ತು. ಈಗ ಹಲವು ಮನೆಗಳಿಗೆ ಶವರ್ ಬಂದಿದೆ. ನಿಂತೇ ಮೀಯಬೇಕು. ಮೊಣಕಾಲು ನೋವಿನವರಿಗೆ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. ತಗ್ಗಿನ ಮಣೆಯಿಂದ ಏಳಲೂ ಆಗುವುದಿಲ್ಲ. ಅಂಥವರಿಗೆ ಕುರ್ಚಿಯಷ್ಟು ಎತ್ತರದ ಕಲ್ಲುಕಟ್ಟೆ ಒಳ್ಳೆಯದು.

ಯಾವ ಕಲ್ಲು ಹಾಕಬೇಕು?

ನಮ್ಮ ಕೆಮ್ಮಣ್ಣಿನ ಸುತ್ತ ಮನೆ ಕಟ್ಟುವುದು ಹೆಚ್ಚಾಗಿ ಮುರಕಲ್ಲಿನಿಂದ. ಇದು ನೆಲದಲ್ಲಿ ಇರುವಾಗ ಮೆತ್ತಗೆ. ಕಡಿದು ಗಾಳಿಗೆ ಇಟ್ಟರೆ ಗಟ್ಟಿ. ಬುಕಾನನ್ ಎಂಬವರು 1807ರಲ್ಲಿ ಬರೆದ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರು ಕೊಟ್ಟರು. ಇಟ್ಟಿಗೆಯಂಥ ಕಲ್ಲು ಎಂದು ಅದರ ಅರ್ಥ. ಆದರೆ ಮುರಕಲ್ಲಿನ ತುಂಬ ತೂತುಗಳಿವೆ. ಅದು ನೀರು ಕುಡಿಯುತ್ತದೆ. ಕೂರುವ ಕಟ್ಟೆಗೆ ಅದು ಬೇಡ.

ಗಟ್ಟಿ ಶಿಲೆಕಲ್ಲು ಬೇಕು. ಕಾರ್ಕಳದ ಗೋಮಟನನ್ನು ನೀವು ನೋಡಿದ್ದೀರಿ. ಆ ಮೂರ್ತಿ ನಿಂತದ್ದು 1432ರಲ್ಲಿ. ಅಂದಿನಿಂದ ಬಯಲಿನಲ್ಲೇ ಇದೆ. ಎಷ್ಟು ಮಳೆಗಾಲ ಕಂಡಿದೆ! ಶಿಲೆಕಲ್ಲಿನ ಗುಣ ಅಂಥದು.

ಹಾಗಾದರೆ ಶಿಲೆಕಲ್ಲು ಇಟ್ಟರೆ ಸಾಕೇ? ಸಾಲದು. ನೀರು ಕಲ್ಲಿನ ಒಳಗೆ ಹೋಗದಿದ್ದರೂ ಸಂದಿನಲ್ಲಿ ಇಳಿಯುತ್ತದೆ. ಅಡಿಯ ನೆಲಕ್ಕೆ, ಹಿಂದಿನ ಮುರಕಲ್ಲಿನ ಗೋಡೆಗೆ ಸೇರುತ್ತದೆ. ಆಚೆ ಕೋಣೆಯ ಗೋಡೆ ಒದ್ದೆಯಾಗುತ್ತದೆ. ಸುಣ್ಣ ಉದುರುತ್ತದೆ. ಅಷ್ಟು ಹೊತ್ತಿಗೆ ಕಲ್ಲು ಕೀಳದೆ ಬೇರೆ ದಾರಿ ಇಲ್ಲ. ಆದ್ದರಿಂದ ನೀರು ತಡೆಯುವ ಕೆಲಸ ಮೊದಲು, ಕಲ್ಲು ಇಡುವ ಕೆಲಸ ಆಮೇಲೆ.

ಕೆಲಸ ಹೇಗೆ?

ಮೊದಲು ನೆಲಕ್ಕೆ ವಾಟ ಕೊಡಬೇಕು. ವಾಟ ಅಂದರೆ ಇಳಿಜಾರು. ಒಂದು ಅಡಿಗೆ ಕಾಲು ಇಂಚು ಸಾಕು. ಎಲ್ಲ ಕಡೆಯ ನೀರೂ ತೂಬಿನ ಕಡೆಗೇ ಹೋಗಬೇಕು. ನೆಲ ಮತ್ತು ಗೋಡೆ ಸೇರುವ ಮೂಲೆಯನ್ನು ಗಾರೆಯಿಂದ ಉರುಟು ಮಾಡಬೇಕು. ಮೂಲೆಯಲ್ಲಿಯೇ ಬಿರುಕು ಬರುವುದು ಹೆಚ್ಚು.

ನೆನಪಿಡಿ, ನಮಗೆ ಹೊಳೆಯೂ ಹತ್ತಿರ, ಕಡಲೂ ಹತ್ತಿರ. ಗಾರೆಗೆ ಉಪ್ಪುನೀರು ಬೇಡ. ಕಡಲಿನ ಹೊಯ್ಗೆಯೂ ಬೇಡ. ಉಪ್ಪು ಸೇರಿದರೆ ಗೋಡೆ ತೇವ ಎಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ.

ಗಾರೆ ಗಟ್ಟಿಯಾದ ಮೇಲೆ ನೀರು ತಡೆಯುವ ಲೇಪ ಹಚ್ಚಬೇಕು. ಎರಡು ಸಲ. ಮೊದಲನೆಯದು ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ನೆಲಕ್ಕೆ ಮಾತ್ರ ಹಚ್ಚಿ ಬಿಡಬೇಡಿ. ಶವರಿನ ನೀರು ಬೀಳುವ ಗೋಡೆಗೂ ಆಳೆತ್ತರ ಹಚ್ಚಿಸಿ.

ಲೇಪ ಪೂರಾ ಒಣಗಿದ ಮೇಲೆ ಪರೀಕ್ಷೆ. ತೂಬಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಇದ್ದಿಲಿನ ಗೀಟು ಹಾಕಿ. ಒಂದು ದಿನ, ಒಂದು ರಾತ್ರಿ ಬಿಡಿ. ನೀರು ಇಳಿದಿದೆಯೇ? ಆಚೆ ಗೋಡೆ ಒದ್ದೆಯೇ? ಹೌದಾದರೆ ಮತ್ತೆ ಲೇಪ. ಮೇಸ್ತ್ರಿ "ಸಾಕು" ಅಂದರೂ ಈ ಪರೀಕ್ಷೆ ಬಿಡಬೇಡಿ.

ಆಮೇಲೆ ಕಟ್ಟೆ. ಗಟ್ಟಿ ಸಿಮೆಂಟು ಕಲ್ಲಿನ ಎರಡು ಕಾಲು ಕಟ್ಟಿಸಿ. ಗೋಡೆ ಕೊರೆದು ಚಪ್ಪಡಿ ಸಿಕ್ಕಿಸುವುದು ಬೇಡ, ಲೇಪ ಹರಿಯುತ್ತದೆ. ಚಪ್ಪಡಿ 3 ಅಡಿ ಉದ್ದ, ಒಂದೂಕಾಲು ಅಡಿ ಅಗಲ, 2 ಇಂಚು ದಪ್ಪ ಇರಲಿ. ಅದರ ತೂಕ ಹತ್ತಿರ ಹತ್ತಿರ ಒಂದು ಮೂಟೆ ಸಿಮೆಂಟಿನಷ್ಟು. ಇಬ್ಬರು ಸೇರಿಯೇ ಎತ್ತಬೇಕು. ಕೂರುವ ಎತ್ತರ 17ರಿಂದ 18 ಇಂಚು. ಎದುರಿನ ಅಂಚು ಉರುಟಾಗಿರಲಿ. ಚಪ್ಪಡಿಯೂ ಎದುರಿಗೆ ಕಾಲು ಇಂಚು ತಗ್ಗಿರಲಿ, ನೀರು ನಿಲ್ಲಬಾರದು. ಕಲ್ಲಿಗೆ ಹೊಳಪು ಬೇಡ. ಸೋಪಿನ ನೀರು ಬಿದ್ದರೆ ಹೊಳಪಿನ ಕಲ್ಲು ಜಾರುತ್ತದೆ. ಗೋಡೆಯ ಸಂದಿಗೆ ರಬ್ಬರಿನಂಥ ಸಿಲಿಕಾನ್ ಅಂಟು ತುಂಬಿಸಿ.

ಮಳೆಗಾಲದಲ್ಲಿ ಪಾಚಿ ಹಿಡಿಯುತ್ತದೆ. ವಾರಕ್ಕೊಮ್ಮೆ ತೆಂಗಿನ ನಾರಿನಿಂದ ತಿಕ್ಕಿ. ಆಸಿಡ್ ಹಾಕಬೇಡಿ. ಅದು ಸಿಮೆಂಟನ್ನು ತಿನ್ನುತ್ತದೆ.

ಈಗ ಓದಿನ ಮಾತು. ಲೇಪದ ಡಬ್ಬಿಯ ಮೇಲೆ ಅಳತೆ ಬರೆದಿರುತ್ತದೆ. ಎಷ್ಟು ಬೆರೆಸಬೇಕು, ಎಷ್ಟು ಹೊತ್ತು ಒಣಗಬೇಕು ಎಂದು ಇರುತ್ತದೆ. ಒಂದೊಂದು ಕಂಪನಿಯದು ಒಂದೊಂದು ಅಳತೆ. ಸಿಮೆಂಟಿನ ಮೂಟೆಯ ಮೇಲೆ ತಯಾರಾದ ವಾರ, ತಿಂಗಳು, ವರ್ಷ ಇರುತ್ತದೆ. ಮೂರು ತಿಂಗಳು ದಾಟಿದ ಸಿಮೆಂಟಿಗೆ ಬಲ ಕಡಿಮೆ. ಅಂಕಿ ಬಲ್ಲ ನೀವು ಇದನ್ನು ಓದಬಲ್ಲಿರಿ. ಇಂಗ್ಲಿಷಿನಲ್ಲಿ ಇದ್ದರೆ ಶಾಲೆಗೆ ಹೋಗುವ ಮಕ್ಕಳನ್ನು ಕರೆದು ಓದಿಸಿ. ಕೆಲಸ ಶುರುವಾಗುವ ಮೊದಲು ಓದಿಸಿ.

ನೆನಪಿಡುವ ಸಾಲುಗಳು:
1. ಮೊದಲು ವಾಟ.
2. ಆಮೇಲೆ ಲೇಪ.
3. ಆಮೇಲೆ ನೀರು ನಿಲ್ಲಿಸಿ ಪರೀಕ್ಷೆ.
4. ಕೊನೆಗೆ ಕಲ್ಲು.

ಈ ನಾಲ್ಕು ಸಾಲನ್ನು ನಿಮ್ಮ ಪುಸ್ತಕದಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಳ್ಳಿ. ಮೇಸ್ತ್ರಿ ಬಂದ ದಿನ ಅವರ ಎದುರಿಗೆ ಓದಿ ಹೇಳಿ.